ಶನಿವಾರ ಸಂಜೀಕ ವೆಂಬ್ಲಿ ಫೈನಲ್: ಕಲಬುರಗಿ, ಬೀದರ್, ಯಾದಗಿರಿ ಮಂದಿ ಇಲ್ಲಿ ಬರ್ರಿ

ಕಪ್ಪುಬೆಕ್ಕು ಕಲಬುರಗಿ
22 ಮೇ 2025, ಗುರುವಾರ, ರಾತ್ರಿ 9:40

ನಾಡಿದ್ದು ಶನಿವಾರ ಸಂಜೀಕ ಏಳೂವರಿಗೆ ಲಂಡನ್ನಿನ ವೆಂಬ್ಲಿ ಮೈದಾನದೊಳಗ ಫುಟ್‌ಬಾಲ್ ಫೈನಲ್, ಈ ಕಡಿ ನಮ್ಮ ಸಂಡರ್ಲೆಂಡ್, ಆ ಕಡಿ ಶೆಫೀಲ್ಡ್ ಯುನೈಟೆಡ್. ಗೆದ್ದವರು ಇಂಗ್ಲೆಂಡಿನ ಮ್ಯಾಲಿನ ದರ್ಜೆ ಪ್ರೀಮಿಯರ್ ಲೀಗಿಗೆ ಏರ್ತಾರ. ಸೋತವರು ಆಗಸ್ಟಿನ್ಯಾಗ ಮತ್ತ ಚಾಂಪಿಯನ್‌ಶಿಪ್ಪಿನ 46 ಮ್ಯಾಚು ಒಂದರಿಂದ ಶುರು ಮಾಡ್ಬೇಕು.

ನಮ್ಮ ಮೂರು ಜಿಲ್ಲಾದಾಗ ಇಂಗ್ಲೆಂಡಿನ ಎರಡನೇ ದರ್ಜೆ ಲೀಗ್ ನೋಡೋರು ಎಷ್ಟು ಮಂದಿ ಇದ್ದೀರಿ? ಇದ್ದವರೆಲ್ಲ ಬರ್ರಿ. ಎಲ್ಲಿ ಕುಂತು ನೋಡೋದು ಅಂತ ಗೊತ್ತು ಮಾಡ್ಕೋಬೇಕು. ಅದಕ್ಕಿಂತ ಹೆಚ್ಚಂದ್ರ, ಮೂರು ದಿನದಿಂದ ನನಗ ನಿದ್ದಿ ಬರವಲ್ದು. ಯಾರ ಜೋಡಿಯಾದ್ರೂ ಮಾತಾಡ್ಬೇಕು.

ನಾನು ಸಂಡರ್ಲೆಂಡ್ ಹಿಡಿದದ್ದು 2007ರ ಆಗಸ್ಟಿನ್ಯಾಗ. ಆಗ ಒಂಬತ್ತನೇ ಕ್ಲಾಸು. ಟಾಟನ್‌ಹ್ಯಾಮ್ ಮ್ಯಾಲಿನ ಮ್ಯಾಚು, ಕೊನೀ ಗಳಿಗಿಗೆ ಒಬ್ಬ ಗೋಲ್ ಹೊಡೆದ, 1-0. ಅಂಗಿ ಹಿಂದ ಚೋಪ್ರಾ ಅಂತ ಬರೆದಿತ್ತು. ಮೈಕಲ್ ಚೋಪ್ರಾ, ಅಪ್ಪನ ಕಡಿಯಿಂದ ಭಾರತದ ಮೂಲ, ಸಂಡರ್ಲೆಂಡಿಗೆ ಅದು ಅವನ ಮೊದಲ ಮ್ಯಾಚು. ಪ್ರೀಮಿಯರ್ ಲೀಗಿನ್ಯಾಗ ನಮ್ಮ ದೇಶದ ಹೆಸರಿನ ಅಂಗಿ ನಾನು ನೋಡಿದ್ದು ಅವತ್ತೇ ಮೊದಲು. ಚೋಪ್ರಾ ಎರಡು ವರ್ಷಕ್ಕ ಹೋದ. ನಾನು ಉಳಿದೆ.

2017ರಾಗ ಕೆಳಗ ಇಳಿದ್ವಿ. ಮರುವರ್ಷ ಇನ್ನೂ ಕೆಳಗ, ಮೂರನೇ ದರ್ಜೆಗೆ. ಅಲ್ಲಿ ನಾಕು ವರ್ಷ. 2019ರ ಪ್ಲೇ-ಆಫ್ (ಪಟ್ಟಿಯ ಮೂರರಿಂದ ಆರನೇ ಸ್ಥಾನದವರು ಬಡ್ತಿಗೆ ಆಡೋದು) ಫೈನಲ್ಲಿನ್ಯಾಗ ಚಾರ್ಲ್ಟನ್ ತಂಡ 94ನೇ ನಿಮಿಷಕ್ಕ ಹೊಡೆದು 2-1 ಮಾಡ್ತು, ಅವತ್ತು ನಾನು ಉಣ್ಣಲಿಲ್ಲ. 2022ರಾಗ ವೈಕಂಬ್ ಮ್ಯಾಲ 2-0 ಗೆದ್ದು ಒಂದು ಮೆಟ್ಟಿಲು ಏರಿದ್ವಿ. ಉಳಿದದ್ದು ಇದೊಂದು.

ಹೋದ ವಾರದ ಸೆಮಿಫೈನಲ್ ನೆನಪಾದ್ರ ಈಗೂ ಎದಿ ಹೊಡ್ಕೋತದ. ಧಗಿ ಅಂತ ಮನಿ ಮಂದಿ ಎಲ್ಲಾ ಮಾಳಿಗಿ ಮ್ಯಾಲ ಮಲಗಿದ್ವಿ. ಬೆಳಕು ಯಾರ ಕಣ್ಣಿಗೂ ಬೀಳಬಾರದಂತ ನಾನು ಆ ಧಗಿಯೊಳಗೂ ಕೌದಿ ಹೊದ್ದು ಒಳಗ ಮೊಬೈಲ್ ಹಿಡಿದಿದ್ದೆ. ಸೆಮಿಫೈನಲ್ ಎರಡು ಮ್ಯಾಚಿಂದು, ಮೊದಲನೇದು ಕೊವೆಂಟ್ರಿಯ ಊರಾಗ 2-1 ಗೆದ್ದು ಬಂದಿದ್ವಿ. ನಮ್ಮ ಅಂಗಳದಾಗ ಅವರು 76ನೇ ನಿಮಿಷಕ್ಕ ಹೊಡೆದು ಲೆಕ್ಕ ಸರಿ ಮಾಡಿದ್ರು. ಹೆಚ್ಚುವರಿ ಅರ್ಧ ತಾಸೂ ಮುಗೀತು. 120 ನಿಮಿಷದ ಮ್ಯಾಲ ಎರಡು ನಿಮಿಷ ಆಗಿತ್ತು, ನಮ್ಮ ಕಡಿ ನಸುಕಿನ ಮೂರು ಗಂಟಿ. ಇನ್ನ ಪೆನಾಲ್ಟಿನೇ ಅಂದ್ಕೊಂಡೆ. ಕಾರ್ನರ್ ಬಂತು, ಡ್ಯಾನ್ ಬ್ಯಾಲರ್ಡ್ ತಲಿ ಕೊಟ್ಟ, ಒಳಗ. ನಾನು ಚೀರಿದ್ದಕ್ಕ ಅವ್ವ ಎದ್ದು ಬ್ಯಾಟರಿ ಹಚ್ಚಿ "ಎಲ್ಲಿ ಕಡೀತೋ, ಚೇಳೇನೋ" ಅಂತ ಕೌದಿ ಝಾಡಿಸ್ಲಿಕ್ಕೆ ಹತ್ತಿದಳು. ಬಾಜೂ ಮಾಳಿಗಿಯವರೂ ಎದ್ದು ಕುಂತ್ರು. ಏನು ಹೇಳ್ಬೇಕಂತ ತಿಳೀಲಿಲ್ಲ, ಕಣ್ಣಾಗ ನೀರಿತ್ತು.

ಬೀದರ್ ಬ್ಲೇಡ್
22 ಮೇ, ರಾತ್ರಿ 10:25

ಅಣ್ಣಾ, ನಮಸ್ಕಾರ. ನಾನು ಆ ಕಡಿಯವ. ಶೆಫೀಲ್ಡ್ ಯುನೈಟೆಡ್.

ನಮ್ಮ ಮುತ್ಯಾನ ಸಂದೂಕದಾಗ ಒಂದು ಕ್ಷೌರದ ಕತ್ತಿ ಇತ್ತು. ಮಡಚೋದು, ಹಿಡಿಕಿ ಕೊಂಬಿನದು. ಅಲಗಿನ ಬುಡಕ್ಕ ಸಣ್ಣ ಅಕ್ಷರದಾಗ "ಶೆಫೀಲ್ಡ್, ಇಂಗ್ಲೆಂಡ್" ಅಂತ ಮುದ್ರೆ. ಮುತ್ಯಾ ಅದನ್ನ ಚರ್ಮದ ಪಟ್ಟಿ ಮ್ಯಾಲ ತೀಡಿ, ಹೆಬ್ಬೆರಳ ಉಗುರಿನ ಮ್ಯಾಲ ಇಟ್ಟು ನೋಡ್ತಿದ್ದ, ಹತ್ತಿದ್ರ ಹದ ಬಂತು ಅಂತ. ನಮ್ಮ ಮನಿ ಹಿಂದ ಬಿದ್ರಿ ಕೆಲಸದವರು ಇದ್ರು. ಅವರೂ ಆ ಕತ್ತಿ ತಗೊಂಡು ನೋಡಿ "ಇದು ಲೋಹ ಅಂದ್ರ" ಅಂತಿದ್ರು. 2006ರಾಗ ಮೊದಲ ಸಲ ಇಂಟರ್ನೆಟ್ ಕೆಫೆಗೆ ಹೋದಾಗ ನಾನು ಹುಡುಕಿದ ಮೊದಲ ಹೆಸರು ಅದು. ಉಕ್ಕಿನ ಊರು, ಅದರ ತಂಡಕ್ಕ ಬ್ಲೇಡ್ಸ್ ಅಂತ ಅಡ್ಡಹೆಸರು, ಅದೇ ವರ್ಷ ಪ್ರೀಮಿಯರ್ ಲೀಗಿಗೆ ಏರಿತ್ತು. ಮುಗೀತು, ನಾನು ಅಲ್ಲೇ ನಿಂತೆ.

ನಿಮಗ 2019ರ ನೋವು ಅದ. ನಮ್ಮದು ಕೇಳ್ರಿ. 1997ರ ಫೈನಲ್ಲು, ಕ್ರಿಸ್ಟಲ್ ಪ್ಯಾಲೇಸ್ ಮ್ಯಾಲ ಕೊನೀ ನಿಮಿಷದಾಗ ಸೋತ್ವಿ. 2003, ವುಲ್ವ್ಸ್ 3-0. 2009, ಬರ್ನ್ಲಿ 1-0. 2012ರಾಗ ಮೂರನೇ ದರ್ಜೆ ಫೈನಲ್ಲು, ಹಡರ್ಸ್‌ಫೀಲ್ಡ್ ಮ್ಯಾಲ ಪೆನಾಲ್ಟಿ 8-7. ಪ್ಲೇ-ಆಫ್ ದಾರಿಯಿಂದ ನಾವು ಒಮ್ಮೆಯೂ ಏರಿಲ್ಲ. ಒಮ್ಮೆಯೂ.

ಈ ಸಲ ಇನ್ನೊಂದು ಕಾರಣ ಅದ. ನಮ್ಮ ಹಳೇ ಆಟಗಾರ ಜಾರ್ಜ್ ಬಾಲ್ಡಾಕ್ ಹೋದ ಅಕ್ಟೋಬರಿನ್ಯಾಗ ತೀರ್ಕೊಂಡ. 31 ವಯಸ್ಸು. 2019ರಾಗ ಪ್ರೀಮಿಯರ್ ಲೀಗಿಗೆ ಏರಿದ ಆ ತಂಡದಾಗ ಬಲಗಡಿ ಓಡ್ತಿದ್ದವ. ಅವನ ಸಲುವಾಗಿ ಗೆಲ್ಬೇಕು.

ಲೆಕ್ಕದ ಪುಸ್ತಕ
22 ಮೇ, ರಾತ್ರಿ 11:05

ಇಬ್ಬರದೂ ಓದಿದೆ. ನಾನು ಎರಡೂ ತಂಡದವ ಅಲ್ಲ. ಆದ್ರ ಒಂದು ಮಾತು ಕೇಳ್ತೀನಿ, ಇದು ನ್ಯಾಯ ಏನ್ರಿ?

ಪಟ್ಟಿ ನೋಡ್ರಿ. ಲೀಡ್ಸ್ 100, ಬರ್ನ್ಲಿ 100, ಇಬ್ಬರೂ ನೆಟ್ಟಗ ಮ್ಯಾಲ ಹೋದ್ರು, ಸರಿ. ಮೂರನೇದು ಶೆಫೀಲ್ಡ್ ಯುನೈಟೆಡ್ 90. ಅದೂ ಎರಡು ಪಾಯಿಂಟ್ ಶಿಕ್ಷೆ ಅಂತ ಕಳೆದ ಮ್ಯಾಲ. ನಾಕನೇದು ಸಂಡರ್ಲೆಂಡ್ 76. 46 ಮ್ಯಾಚು ಆಡಿ 14 ಪಾಯಿಂಟ್ ಮುಂದಿದ್ದವನಿಗೆ "ಇನ್ನೂ ಒಂದು ಮ್ಯಾಚು ಗೆದ್ದು ತೋರಿಸು" ಅನ್ನೋದು ಯಾವ ಲೆಕ್ಕ? ಸಂಡರ್ಲೆಂಡ್ ಕೊನೀ ಐದು ಲೀಗ್ ಮ್ಯಾಚು ಸಾಲಾಗಿ ಸೋತು ಇಲ್ಲಿಗೆ ಬಂದದ. ಶೆಫೀಲ್ಡ್ ಬ್ರಿಸ್ಟಲ್ ಸಿಟಿ ಮ್ಯಾಲ ಎರಡು ಮ್ಯಾಚಿನ್ಯಾಗ 6-0.

ನಮ್ಮ ಐಪಿಎಲ್ ಇದಕ್ಕಿಂತ ಛಲೋ. ಪಟ್ಟಿನ್ಯಾಗ ಮೊದಲಿನ ಇಬ್ಬರಿಗೆ ಒಂದು ಸೋಲು ಮಾಫಿ ಅದ, ಇನ್ನೊಂದು ಸಲ ಆಡಬಹುದು. ಇಲ್ಲಿ ಮೂರನೇದವನಿಗೂ ಆರನೇದವನಿಗೂ ಒಂದೇ ತಕ್ಕಡಿ.

ಸೇಡಂ ರೋಡ್ ಚಾ
23 ಮೇ, ಶುಕ್ರವಾರ, ಬೆಳಿಗ್ಗೆ 7:10

ಅಂಗಡಿ ತೆಗೆದೀನಿ, ಈಗ ಓದಿದೆ. ಎಲ್ಲಿ ಕುಂತು ನೋಡೋದು ಅನ್ನೋ ಮಾತಿಗೆ ಬರ್ತೀನಿ. ನನ್ನ ಅಂಗಡ್ಯಾಗ ದೊಡ್ಡ ಟಿವಿ ಅದ, ನಿಮಗ ಗೊತ್ತು. ಆದ್ರ ಶನಿವಾರ ಏಳೂವರಿಗೆ ಪಂಜಾಬ್-ಡೆಲ್ಲಿ ಐಪಿಎಲ್ ಮ್ಯಾಚು ಅದ. ಗಿರಾಕಿ ಬಿಡಂಗಿಲ್ಲ. ಇವತ್ತ ಆರ್‌ಸಿಬಿದು ಹೈದರಾಬಾದ್ ಜೋಡಿ, ಇವತ್ತಂತೂ ಕೇಳಬ್ಯಾಡ್ರಿ, ನಿಲ್ಲಲಿಕ್ಕೂ ಜಾಗ ಇರಂಗಿಲ್ಲ.

ಪ್ರೊಜೆಕ್ಟರ್ ಒಂದು ಅದ ನಮ್ಮ ಅಳಿಯಂದು, ಲಗ್ನದ ವಿಡಿಯೊ ತೋರ್ಸೋದು. ಯಾರದಾದ್ರೂ ಮಾಳಿಗಿ ಇದ್ರ ನಾನು ತಂದು ಕೊಡ್ತೀನಿ. ಚಾ ನನ್ನ ಕಡಿಯಿಂದ.

ವಾಡಿ ಜಂಕ್ಷನ್
23 ಮೇ, ಬೆಳಿಗ್ಗೆ 8:30

ತಮ್ಮಾ ಲೆಕ್ಕದ ಪುಸ್ತಕ, ನಿನ್ನ ಪ್ರಶ್ನೆಗೆ ಉತ್ತರ ಕೊಡುವಷ್ಟು ವಯಸ್ಸು ನನಗ ಆಗ್ಯದ. ರೈಲ್ವೆಯೊಳಗ ಮೂವತ್ತು ವರ್ಷ ದುಡಿದು ನಿವೃತ್ತಿ ಆದವ. ರೈಲ್ವೆ ಕಾಲೊನಿಯ ಮೈದಾನದಾಗ ಬರಿಗಾಲಲ್ಲಿ ಆಡಿದವ. ಆವಾಗ ಇಂಗ್ಲೆಂಡಿನ ಸ್ಕೋರು ನಮಗ ಸಿಗ್ತಿದ್ದದ್ದು ಎರಡು ದಿನ ತಡವಾಗಿ ಬರುವ ಇಂಗ್ಲಿಷ್ ಪೇಪರಿನ ಒಂದು ಮೂಲ್ಯಾಗ. ಮದ್ರಾಸ್-ಬಾಂಬೆ ಗಾಡಿಯ ಪ್ರಯಾಣಿಕರು ಬಿಟ್ಟು ಹೋದ ಪೇಪರು ನಾನು ಕೂಡಿ ಇಡ್ತಿದ್ದೆ.

ಪ್ಲೇ-ಆಫ್ ಶುರುವಾದದ್ದು 1986-87ರಾಗ. ಮ್ಯಾಲಿನ ದರ್ಜೆಯ ತಂಡ 22ರಿಂದ 20ಕ್ಕ ಇಳಿಸಬೇಕಿತ್ತು, ಸೀಸನ್ನಿನ ಕೊನೀ ತನಕ ನಡುವಿನ ತಂಡಗಳಿಗೂ ಆಡ್ಲಿಕ್ಕ ಏನಾದ್ರೂ ಉಳಿಬೇಕಿತ್ತು. ಮೊದಲು ಫೈನಲ್ಲೂ ಎರಡು ಮ್ಯಾಚಿನದು. 1990ರಿಂದ ವೆಂಬ್ಲಿಯೊಳಗ ಒಂದೇ ಮ್ಯಾಚು.

ಆ 1990ರ ಮೊದಲನೇ ವೆಂಬ್ಲಿ ಫೈನಲ್ಲಿನ್ಯಾಗ ಆಡಿದವರು ಯಾರು ಗೊತ್ತೇನು? ಇದೇ ಸಂಡರ್ಲೆಂಡ್. ಲೀಗಿನ್ಯಾಗ ಆರನೇ ಸ್ಥಾನ. ಸೆಮಿಫೈನಲ್ಲಿನ್ಯಾಗ ಮೂರನೇ ಸ್ಥಾನದ ನ್ಯೂಕಾಸಲ್‌ನ್ನ, ಹಗೆಯ ನೆರೆಯವರನ್ನ, ಅವರ ಊರಾಗೇ ಸೋಲಿಸಿದ್ರು. ಫೈನಲ್ಲಿನ್ಯಾಗ ಸ್ವಿಂಡನ್ ಮ್ಯಾಲ 1-0 ಸೋತ್ರು. ಆದ್ರ ಸ್ವಿಂಡನ್‌ನವರು ಆಟಗಾರರಿಗೆ ಅಕ್ರಮವಾಗಿ ರೊಕ್ಕ ಕೊಟ್ಟದ್ದು ಸಾಬೀತಾಗಿ ಅವರ ಬಡ್ತಿ ಕಿತ್ಕೊಂಡ್ರು, ಫೈನಲ್ ಸೋತ ಸಂಡರ್ಲೆಂಡ್ ಮ್ಯಾಲ ಹೋಯ್ತು. ಮೂರನೇ ಸ್ಥಾನದ ನ್ಯೂಕಾಸಲ್ ಕೆಳಗೇ ಉಳೀತು. ಆ ಸುದ್ದಿ ಓದಿ ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲ ಕುಂತವ ಏಳಲಿಲ್ಲ.

ಇನ್ನ 1998. ಇದು ನಿನ್ನ ಲೆಕ್ಕಕ್ಕ ಬೇಕಾದದ್ದು. ಆ ವರ್ಷ ಮೂರನೇ ಸ್ಥಾನ ಸಂಡರ್ಲೆಂಡಿಂದು. ಎಷ್ಟು ಪಾಯಿಂಟ್? 90. ಈಗಿನ ಶೆಫೀಲ್ಡ್‌ನಷ್ಟೇ. ನಾಕನೇದು ಚಾರ್ಲ್ಟನ್. ಫೈನಲ್ಲು 4-4. ಚಾರ್ಲ್ಟನ್ ಸಲುವಾಗಿ ಮೂರು ಗೋಲ್ ಹೊಡೆದ ಕ್ಲೈವ್ ಮೆಂಡೋನ್ಸಾ ಬೆಳೆದದ್ದು ಸಂಡರ್ಲೆಂಡಿನ್ಯಾಗ, ಸಣ್ಣವನಿದ್ದಾಗಿಂದ ಅದೇ ತಂಡದ ಅಭಿಮಾನಿ. ಪೆನಾಲ್ಟಿ 6-6 ತನಕ ಯಾರೂ ತಪ್ಪಿಸಲಿಲ್ಲ. ಚಾರ್ಲ್ಟನ್ ಏಳನೇದು ಹಾಕ್ತು. ಸಂಡರ್ಲೆಂಡಿನ ಏಳನೇದು ಹೊಡೀಲಿಕ್ಕ ಬಂದವ ಮೈಕಲ್ ಗ್ರೇ, ಅವನೂ ಅದೇ ಊರ ಹುಡುಗ. ಗೋಲ್‌ಕೀಪರ್ ಹಿಡಿದ. ಅಷ್ಟೇ.

ಒಂದೇ ಊರಿನ ಇಬ್ಬರು ಹುಡುಗರು. ಒಬ್ಬ ತನ್ನ ಊರನ್ನ ಸೋಲಿಸ್ಬೇಕಾಯ್ತು, ಇನ್ನೊಬ್ಬನ ಕಾಲಿಂದ ಅವನ ಊರು ಸೋಲ್ತು. ಇಪ್ಪತ್ತೇಳು ವರ್ಷ ಆಯ್ತು, ನಾನು ಮರೆತಿಲ್ಲ. ಮರುವರ್ಷ ಅವರು 105 ಪಾಯಿಂಟ್ ತಗೊಂಡು ಮೊದಲ ಸ್ಥಾನದಿಂದ ಏರಿದ್ರು.

ನ್ಯಾಯ ಅಲ್ಲ ತಮ್ಮಾ, ನಿನ್ನ ಮಾತು ಖರೆ. ಆದ್ರ ಸಂಡರ್ಲೆಂಡ್ ಈ ಅನ್ಯಾಯದ ಎರಡೂ ಬದಿ ಕಂಡದ.

ಕಪ್ಪುಬೆಕ್ಕು ಕಲಬುರಗಿ
23 ಮೇ, ಬೆಳಿಗ್ಗೆ 9:15

ಕಾಕಾ, ಮೆಂಡೋನ್ಸಾ ಹೆಸರು ನನಗ ಗೊತ್ತಿತ್ತು. ಅವತ್ತು ನಮ್ಮದೂ 90 ಪಾಯಿಂಟ್ ಇತ್ತಂತ ನೀವು ಹೇಳಿದ ಮ್ಯಾಲೇ ತಿಳೀತು. ಬೀದರ್ ತಮ್ಮನ ಮ್ಯಾಲ ಈಗ ಸಿಟ್ಟು ಮಾಡ್ಕೊಳ್ಳಲಿಕ್ಕೆ ಆಗವಲ್ದು.

ಮಾಳಿಗಿ ನಮ್ಮದೇ ಆಗ್ಲಿ. ಅವ್ವನ್ನ ಕೇಳ್ತೀನಿ.

ನಮ್ಮೂರ ಮೈದಾನ
23 ಮೇ, ಮಧ್ಯಾಹ್ನ 1:20

ಒಂದು ಮಾತು ಹೇಳ್ಲಿಕ್ಕ ಬಂದೀನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ದಿನಾ ನಸುಕಿನ್ಯಾಗ ಇಪ್ಪತ್ತೆರಡು ಹುಡುಗರನ್ನ ಆಡಿಸೋವ ನಾನು. ಒಬ್ಬನ ಕಾಲಾಗೂ ಸರಿ ಬೂಟಿಲ್ಲ. ಮೈದಾನದ ಅಂಚಿಗೆ ಜಾಲಿ. ವಾರಕ್ಕ ಎರಡು ಸಲ ಚೆಂಡಿಗೆ ಮುಳ್ಳು ಹೊಡೀತದ. ಹೊಲಿಗಿ ಬಿಚ್ಚಿ ಬ್ಲಾಡರ್ ಹೊರಗ ತೆಗೆದು ಸೈಕಲ್ ಅಂಗಡಿಗೆ ಒಯ್ತೀನಿ, ಅವ ನೀರಾಗ ಮುಳುಗಿಸಿ ಗುಳ್ಳಿ ಎಲ್ಲಿ ಏಳ್ತದ ನೋಡಿ ಪಂಕ್ಚರ್ ಹಾಕ್ತಾನ. ತಿರುಗಿ ಹೊಲಿಯೋದು ನಾನೇ, ಮೇಣ ಹಚ್ಚಿದ ದಾರದಿಂದ.

2023ರ ಮಾರ್ಚಿನ್ಯಾಗ ನಮ್ಮ ಕರ್ನಾಟಕ ರಿಯಾಧ್‌ನ್ಯಾಗ ಮೇಘಾಲಯದ ಮ್ಯಾಲ 3-2 ಗೆದ್ದು ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂತು. 54 ವರ್ಷದ ಮ್ಯಾಲ! ಅವತ್ತು ನಾನು ಪೇಢಾ ತಗೊಂಡು ಹೋದ್ರ ತಿನ್ನೋರು ಇರಲಿಲ್ಲ, "ಅದ್ಯಾವ ಟ್ರೋಫಿ" ಅಂತ ಕೇಳಿದ್ರು. ಏಳು ಸಾವಿರ ಕಿಲೋಮೀಟರ್ ದೂರದ ಎರಡನೇ ದರ್ಜೆ ತಂಡಕ್ಕ ನಿದ್ದಿ ಬಿಡೋ ಮಂದಿ ಅವತ್ತು ಎಲ್ಲಿದ್ರಿ?

ಭೀಮಾ ತೀರ
23 ಮೇ, ಮಧ್ಯಾಹ್ನ 2:00

ಸರ್, ನಾನು ಯಾದಗಿರಿಯಿಂದ. ನನಗ 17 ವರ್ಷ. ನಾನು ಆಡ್ತೀನಿ. ನಮ್ಮ ಕಡಿ ಹುಡುಗಿಯರ ತಂಡ ಇಲ್ಲ, ತಮ್ಮನ ಗೆಳೆಯರ ಜೋಡಿ ಆಡ್ತೀನಿ.

ಸಂಡರ್ಲೆಂಡಿನ್ಯಾಗ ಕ್ರಿಸ್ ರಿಗ್ ಅಂತ ಅದಾನ. ಅವನೂ 17. ಮುಂದಿನ ತಿಂಗಳು 18 ತುಂಬ್ತದ. ಜೋಬ್ ಬೆಲಿಂಗ್‌ಹ್ಯಾಮ್ 19, ಟಾಮಿ ವಾಟ್ಸನ್ 19. ನನ್ನ ವಯಸ್ಸಿನವರು ಅಷ್ಟು ದೊಡ್ಡ ಮೈದಾನದಾಗ ಆಡೋದು ನೋಡಿದ್ರ ನನಗೂ ಮರುದಿನ ನಸುಕಿನ್ಯಾಗ ಏಳೋ ಮನಸ್ಸಾಗ್ತದ. ನೀವು ಸಂತೋಷ್ ಟ್ರೋಫಿ ಬಗ್ಗೆ ಹೇಳಿದ್ದು ನನಗ ಗೊತ್ತಿರಲಿಲ್ಲ ಸರ್. ಆ ಫೈನಲ್ ಎಲ್ಲಿ ನೋಡ್ಲಿಕ್ಕ ಸಿಗ್ತದ ಹೇಳ್ರಿ, ನೋಡ್ತೀನಿ.

ನಮ್ಮೂರ ಮೈದಾನ
23 ಮೇ, ಮಧ್ಯಾಹ್ನ 2:40

ತಂಗೀ, ನೀನು ಸರ್ ಅನ್ನಬ್ಯಾಡ, ಕಾಕಾ ಅನ್ನು. ನಿನ್ನ ಮಾತಿಂದ ನನ್ನ ಸಿಟ್ಟು ಇಳೀತು.

ನನ್ನ ಸಿಟ್ಟಿನ ಬೇರು ಎಲ್ಲದ ಹೇಳ್ತೀನಿ. ಇಂಗ್ಲೆಂಡಿನ್ಯಾಗ ಲೂಟನ್ ಅಂತ ಒಂದು ತಂಡ. 2009ರಾಗ ಐದನೇ ದರ್ಜೆಗೆ ಬಿದ್ದಿತ್ತು. ಐದು ವರ್ಷ ಅಲ್ಲೇ ಕೊಳೀತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿ 2023ರಾಗ ಇದೇ ಪ್ಲೇ-ಆಫ್ ಫೈನಲ್ಲಿನ್ಯಾಗ ಕೊವೆಂಟ್ರಿಯನ್ನ ಪೆನಾಲ್ಟಿಯೊಳಗ 6-5 ಸೋಲಿಸಿ ಪ್ರೀಮಿಯರ್ ಲೀಗಿಗೆ ಹೋಯ್ತು. ಏಣಿ ಅದ, ಅದಕ್ಕೇ ಏರಿತು. ನಮ್ಮ ದೇಶದಾಗ ಎರಡನೇ ದರ್ಜೆ ಐ-ಲೀಗ್ ಗೆದ್ದು ಮ್ಯಾಲಿನ ದರ್ಜೆ ಐಎಸ್‌ಎಲ್‌ಗೆ ಏರಿದ ಮೊದಲ ತಂಡ ಪಂಜಾಬ್, ಅದೂ 2023ರಾಗ. ಕೆಳಗ ಬೀಳೋದು ಇನ್ನೂ ಇಲ್ಲ. ನನ್ನ ಹುಡುಗರು ಛಲೋ ಆಡಿದ್ರ ಮುಂದ ಯಾವ ಮೆಟ್ಟಿಲು ಅಂತ ಕೇಳ್ತಾರ. ಬೆಂಗಳೂರು ಅಂತೀನಿ. ಬೆಂಗಳೂರು ರಾತ್ರಿ ಪೂರಾ ರೈಲಿನ ದಾರಿ, ಅಲ್ಲಿ ಇರ್ಲಿಕ್ಕ ಯಾರಿದ್ದಾರ?

ಕಪ್ಪುಬೆಕ್ಕು, ನಿಮ್ಮ ಮಾಳಿಗಿ ಮ್ಯಾಲ ಜಾಗ ಇದ್ರ ನನ್ನ ಹುಡುಗರೊಳಗ ಆರು ಮಂದಿನ ಕರ್ಕೊಂಡು ಬರ್ತೀನಿ. ಒಂದು ಮ್ಯಾಚಿಗೆ ಏರೋದು ಅಂದ್ರ ಏನು, ಅವರು ಕಣ್ಣಾರೆ ನೋಡ್ಲಿ.

ಕಪ್ಪುಬೆಕ್ಕು ಕಲಬುರಗಿ
23 ಮೇ, ಮಧ್ಯಾಹ್ನ 3:05

ಆರಲ್ಲ, ಇಪ್ಪತ್ತೆರಡೂ ಬರ್ಲಿ ಅಣ್ಣಾ. 2023ರಾಗ ನಾನು ಎಲ್ಲಿದ್ದೆ ಅಂದ್ರಲ್ಲ, ಅದು ಸರಿಯಾಗೇ ತಾಗ್ತು. ಸ್ಕೋರು ಮೊಬೈಲಿನ್ಯಾಗ ನೋಡಿ ಸುಮ್ಮನಾಗಿದ್ದೆ. ಮ್ಯಾಚು ನೋಡಿರಲಿಲ್ಲ.

ಅವ್ವ ಒಪ್ಪಿದಳು. ಒಂದೇ ತಕರಾರು. ಬಾಗಿಲಿಗೆ ನಮ್ಮ ತಂಡದ ಗುರುತಾದ ಕರೇ ಬೆಕ್ಕಿನ ಚಿತ್ರ ಅಂಟಿಸ್ತೀನಿ ಅಂದ್ರ "ಮಂದಿ ಮನಿಗೆ ಬರೋ ಹೊತ್ತಿನ್ಯಾಗ ಕರೇ ಬೆಕ್ಕೇನೋ" ಅಂದಳು. ನಾನು 1937ರ ಕಥಿ ಹೇಳಿದೆ. ಆ ವರ್ಷ ಎಫ್‌ಎ ಕಪ್ ಫೈನಲ್ಲಿಗೆ ಒಬ್ಬ ಹುಡುಗ ಕಿಸೆಯೊಳಗ ಕರೇ ಬೆಕ್ಕಿನ ಮರಿ ಇಟ್ಕೊಂಡು ಹೋಗಿದ್ದ ಅಂತ ಅಲ್ಲಿಯವರು ಹೇಳ್ತಾರ. ಪ್ರೆಸ್ಟನ್ ಮ್ಯಾಲ 3-1 ಗೆದ್ರು. ಅವ್ವ ಕೇಳಿ, "ಮರಿ ಉಸಿರುಗಟ್ಟಲಿಲ್ಲೇನು?" ಅಂದಳು. ಚಿತ್ರ ಬ್ಯಾಡ, ಕೆಂಪು-ಬಿಳಿ ಬಟ್ಟಿ ಕಟ್ಟು ಅಂತ ತೀರ್ಮಾನ ಆಯ್ತು. ಕಪಡಾ ಬಜಾರದಿಂದ ಎರಡೂ ಬಣ್ಣದ್ದು ಮೂರು ಮೂರು ಮೀಟರ್ ತಂದೀನಿ, ಪಟ್ಟಿ ಪಟ್ಟಿ ಹೊಲೀಲಿಕ್ಕತ್ತಾಳ.

ಬೀದರ್ ಬ್ಲೇಡ್
23 ಮೇ, ಮಧ್ಯಾಹ್ನ 3:20

ಅಣ್ಣಾ, ಶೆಫೀಲ್ಡ್ ಯುನೈಟೆಡ್ ಬಣ್ಣನೂ ಕೆಂಪು-ಬಿಳಿ ಪಟ್ಟಿನೇ. ಅವ್ವಗ ಹೇಳ್ರಿ, ಅರ್ಧ ನನ್ನ ಸಲುವಾಗಿ. ನಾನು ನಾಳಿ ಮಧ್ಯಾಹ್ನದ ಬಸ್ಸಿಗೆ ಹುಮನಾಬಾದ್ ಮ್ಯಾಲಿಂದ ಬರ್ತೀನಿ.

ಲೆಕ್ಕದ ಪುಸ್ತಕ
23 ಮೇ, ಸಂಜೆ 5:45

ಸರಿ, ಆಟದ ಮಾತಿಗೆ ಬರೋಣ. ಟಾಮಿ ವಾಟ್ಸನ್‌ನ್ನ ಆಡಿಸಬಾರದು ಅಂತ ನನ್ನ ಅಭಿಪ್ರಾಯ. ಅವ ಬ್ರೈಟನ್‌ಗೆ ಹೋಗೋದು ಆಗಲೇ ನಿಕ್ಕಿ ಆಗ್ಯದ, ಒಂದು ಕೋಟಿ ಪೌಂಡು. ಏರಿದ್ರೂ ಇಳಿದ್ರೂ ಅವಗ ಏನೂ ಆಗಂಗಿಲ್ಲ. ಅಂಥವನಿಂದ ಫೈನಲ್ ಹ್ಯಾಂಗ ಆಡಿಸ್ತೀರಿ?

ಭೀಮಾ ತೀರ
23 ಮೇ, ಸಂಜೆ 6:00

ಅಣ್ಣಾ, ಹಂಗ ಅನ್ನಬ್ಯಾಡ್ರಿ. ಅವ ಅಲ್ಲೇ ಬೆಳೆದ ಹುಡುಗ, ಸಣ್ಣವನಿದ್ದಾಗಿಂದ ಅದೇ ಅಕಾಡೆಮಿ. ನಮ್ಮ ಅಕ್ಕನ ಲಗ್ನ ನಿಕ್ಕಿ ಆದ ಮ್ಯಾಲ ಆಕಿ ಮನೀ ಕೆಲಸ ಬಿಟ್ಟಳೇನು? ಹೋಗೋ ಹಿಂದಿನ ದಿನಾನೂ ಅಂಗಳ ಸಾರಿಸಿ ರಂಗೋಲಿ ಹಾಕಿ ಹೋದಳು. ಕಡೀಕ ಅರ್ಧ ತಾಸು ಉಳಿದಾಗ ವಾಟ್ಸನ್‌ನ್ನ ಇಳಿಸ್ಬೇಕು, ದಣಿದ ಡಿಫೆಂಡರ್ ಮ್ಯಾಲ ಅವ ಓಡ್ತಾನ.

ವಾಡಿ ಜಂಕ್ಷನ್
23 ಮೇ, ಸಂಜೆ 6:30

ಆ ತಂಗಿಯ ಮಾತಿಗೆ ನನ್ನ ಒಪ್ಪಿಗಿ ಅದ.

ನನಗ ಭಯ ಇರೋದು ಗುಸ್ತಾವೊ ಹಾಮರ್ ಬಗ್ಗೆ. ಈ ವರ್ಷದ ಚಾಂಪಿಯನ್‌ಶಿಪ್ಪಿನ ಶ್ರೇಷ್ಠ ಆಟಗಾರ ಅವ. 2023ರ ಫೈನಲ್ಲಿನ್ಯಾಗ ಕೊವೆಂಟ್ರಿ ಪರ ಗೋಲ್ ಹೊಡೆದು ಸೋತವನೂ ಅವನೇ. ಶೆಫೀಲ್ಡಿನ ಮ್ಯಾನೇಜರ್ ಕ್ರಿಸ್ ವೈಲ್ಡರ್ ಅದೇ ಊರವ, ಅದೇ ತಂಡಕ್ಕ ಆಡಿದವ. ಸಂಡರ್ಲೆಂಡಿನ ಲೆ ಬ್ರೀ ಫ್ರಾನ್ಸಿನವ, ಬಂದು ಒಂದು ವರ್ಷ ಆಗಿಲ್ಲ. ಮಧ್ಯದಾಗ ಹಾಮರ್‌ಗ ಜಾಗ ಬಿಟ್ರ ಮುಗೀತು.

ಗೆದ್ದವರಿಗೆ 20 ಕೋಟಿ ಪೌಂಡಿನ ಮ್ಯಾಲ ಆದಾಯ ಅಂತ ಲೆಕ್ಕ ಹಾಕೋರು ಹೇಳ್ತಾರ. ಆ ರೊಕ್ಕದ ಮಾತು ನನಗ ಬ್ಯಾಡ. ನನ್ನ ಮನಸ್ಸಿನ್ಯಾಗ ಇರೋದು ಬ್ಯಾರೆ. ಸಂಡರ್ಲೆಂಡಿನ್ಯಾಗ ಹಡಗು ಕಟ್ತಿದ್ರು, ಕಲ್ಲಿದ್ದಲು ತೆಗೀತಿದ್ರು. ಕೊನೀ ಹಡಗುಕಟ್ಟೆ 1988ರಾಗ ಮುಚ್ಚಿತು, ವೇರ್‌ಮೌತ್ ಗಣಿ 1993ರಾಗ. ಆ ಗಣಿ ಇದ್ದ ಜಾಗದ ಮ್ಯಾಲೇ 1997ರಾಗ ಮೈದಾನ ಕಟ್ಟಿದ್ರು. ಹೆಸರು ಸ್ಟೇಡಿಯಂ ಆಫ್ ಲೈಟ್. ಹೊರಗ ಗಣಿ ಕಾರ್ಮಿಕರ ದೀಪದ ದೊಡ್ಡ ಪ್ರತಿಮೆ ನಿಲ್ಲಿಸ್ಯಾರ. ಗಣಿ ಮುಚ್ಚಿದ ಮ್ಯಾಲೂ ಅಪ್ಪ ಕೆಲಸಕ್ಕ ಇಳೀತಿದ್ದ ಜಾಗಕ್ಕ ಮಗ ಪ್ರತಿ ಶನಿವಾರ ಹೋಗ್ತಾನ.

ನಮ್ಮ ಶಹಾಬಾದ್ ಕಡಿ ಕಾರ್ಖಾನಿ ಬಾಗಿಲು ಹಾಕಿದಾಗ ನನ್ನ ಜೋಡಿ ಮೈದಾನದಾಗ ಆಡಿದ ಮಂದಿ ಊರೇ ಬಿಟ್ಟು ಹೋದ್ರು. ಒಬ್ಬ ಪುಣೆ, ಒಬ್ಬ ಸೂರತ್. ಗೋಲ್‌ಕಂಬ ಇನ್ನೂ ನಿಂತಾವ, ಬಟ್ಟಿ ಒಣ ಹಾಕ್ತಾರ. ಕೂಡ್ಲಿಕ್ಕ ಒಂದು ಜಾಗ ಉಳಿದಿದ್ರ ಹ್ಯಾಂಗಿರ್ತಿತ್ತು ಅಂತ ಶನಿವಾರ ಬಂದಾಗೆಲ್ಲ ಅನಸ್ತದ.

ಕಪ್ಪುಬೆಕ್ಕು ಕಲಬುರಗಿ
23 ಮೇ, ಸಂಜೆ 7:00

ಕಾಕಾ, ನೀವೂ ಬರ್ರಿ. ವಾಡಿಯಿಂದ ಗಾಡಿ ಸಾಕಷ್ಟು ಅವ, ಸ್ಟೇಷನ್‌ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ರಾತ್ರಿ ನಮ್ಮ ಮನ್ಯಾಗೇ ಮಲಗ್ರಿ, ಮಾಳಿಗಿ ಮ್ಯಾಲ.

ವಾಡಿ ಜಂಕ್ಷನ್
23 ಮೇ, ಸಂಜೆ 7:12

ಬರ್ತೀನಿ. ನಾನು ಇಂಥ ಮ್ಯಾಚು ಯಾವತ್ತೂ ಇನ್ನೊಬ್ಬರ ಜೋಡಿ ಕುಂತು ನೋಡಿಲ್ಲ.

ಸೇಡಂ ರೋಡ್ ಚಾ
24 ಮೇ, ಶನಿವಾರ, ಬೆಳಿಗ್ಗೆ 6:50

ನಿನ್ನಿ ಹೈದರಾಬಾದ್ 231 ಹೊಡೀತು, ನಮ್ಮವರು 189ಕ್ಕ ಮುಗಿದ್ರು. ಪ್ಲೇ-ಆಫ್‌ಗೆ ಆಗಲೇ ಹೋಗೀವಿ ಅನ್ನೋದೊಂದೇ ಸಮಾಧಾನ. ಹದಿನೆಂಟನೇ ಸೀಸನ್ನು, ಕಾಯೋದು ಏನಂತ ನನಗೂ ಗೊತ್ತದ.

ಪ್ರೊಜೆಕ್ಟರ್ ತಯಾರ ಅದ. ಒಂದೇ ಚಿಂತಿ, ಮಳಿ. ಈ ವಾರ ಸಂಜೀಕ ಗಾಳಿ ಎದ್ದು ಕರೆಂಟ್ ಹೋಗ್ಲಿಕತ್ತದ. ಅಳಿಯನ ಇನ್ವರ್ಟರ್ ಬ್ಯಾಟರಿ ಬಿಚ್ಚಿ ತರ್ತೀನಿ, ಎರಡೂವರಿ ತಾಸು ನಡೀತದ. ಪೆನಾಲ್ಟಿಗೆ ಹೋದ್ರ ಹತ್ತೂ ಇಪ್ಪತ್ತು ಆಗ್ತದ, ಅದಕ್ಕ ಏಳೂವರಿಗೆ ಮೊದಲು ಯಾರೂ ಫ್ಯಾನ್ ಹಚ್ಚಬ್ಯಾಡ್ರಿ.

ಭೀಮಾ ತೀರ
24 ಮೇ, ಬೆಳಿಗ್ಗೆ 10:30

ಅಪ್ಪ ಒಪ್ಪಿದ್ರು! ಚಿಗವ್ವನ ಮನಿ ಕಲಬುರಗಿಯಾಗೇ ಅದ, ರಾತ್ರಿ ಅಲ್ಲಿ ಉಳೀತೀವಿ. ಅಪ್ಪ ಫುಟ್‌ಬಾಲ್ ಯಾವತ್ತೂ ನೋಡಿಲ್ಲ, ಆದ್ರೂ ನನ್ನ ಜೋಡಿ ಕುಂದರ್ತೀನಿ ಅಂದ್ರು. ಆಫ್‌ಸೈಡ್ ಅಂದ್ರ ಏನಂತ ಗಾಡಿಯಾಗ ಹೇಳಿ ಕೊಡ್ತೀನಿ.

ಲೆಕ್ಕದ ಪುಸ್ತಕ
24 ಮೇ, ಮಧ್ಯಾಹ್ನ 12:15

ಇನ್ನೊಂದು ಕಹಿ ಲೆಕ್ಕ ಹೇಳಿ ಸುಮ್ಮನಾಗ್ತೀನಿ. ಹೋದ ವರ್ಷ ಏರಿದ ಲೆಸ್ಟರ್, ಇಪ್ಸ್‌ವಿಚ್, ಸೌಥಾಂಪ್ಟನ್ ಮೂರೂ ಈ ವರ್ಷ ಇಳಿದವು. ಅದರ ಹಿಂದಿನ ವರ್ಷ ಏರಿದ ಮೂರೂ ಹಂಗೇ ಇಳಿದವು, ಅದರೊಳಗ ಶೆಫೀಲ್ಡ್ ಯುನೈಟೆಡ್ಡೂ ಒಂದು, 104 ಗೋಲ್ ತಿಂದು. ಇವತ್ತು ಗೆದ್ದವರಿಗೂ ಅದೇ ಗತಿ ಆಗಬಹುದು. ತಿಳಿದಿರ್ಲಿ.

ಬೀದರ್ ಬ್ಲೇಡ್
24 ಮೇ, ಮಧ್ಯಾಹ್ನ 12:40

ಬಸ್ಸಿನ್ಯಾಗಿಂದ ಬರೀಲಿಕತ್ತೀನಿ. ಅಣ್ಣಾ, ಆ 104 ಗೋಲನ್ನೂ ನಾನು ಒಂದೂ ಬಿಡದ ನೋಡೀನಿ. ಮತ್ತ ನೋಡು ಅಂದ್ರೂ ನೋಡ್ತೀನಿ. ಮೊದಲು ಏರ್ಲಿ.

ಮುತ್ಯಾನ ಕತ್ತಿ ತರ್ಬೇಕಂತ ಮಾಡಿದ್ದೆ, ಅವ್ವ ಬಸ್ಸಿನ್ಯಾಗ ಬ್ಯಾಡ ಅಂದಳು. ಅದರ ಫೋಟೊ ಮೊಬೈಲಿನ್ಯಾಗ ಅದ.

ನಮ್ಮೂರ ಮೈದಾನ
24 ಮೇ, ಸಂಜೆ 5:10

ಇವತ್ತು ಬೆಳಿಗ್ಗೆ ಹುಡುಗರಿಗೆ ಎರಡು ತಂಡ ಮಾಡಿ ಆಡಿಸಿದೆ, ಒಂದಕ್ಕ ಸಂಡರ್ಲೆಂಡ್, ಇನ್ನೊಂದಕ್ಕ ಶೆಫೀಲ್ಡ್ ಅಂತ ಅವರೇ ಹೆಸರಿಟ್ಟುಕೊಂಡ್ರು. 2-2 ಆದಾಗ ಚೆಂಡಿಗೆ ಮುಳ್ಳು ಹೊಡೀತು. ಹದಿನಾಲ್ಕು ಮಂದಿ ಬರ್ತೀವಿ. ಸೂಸಲಾ ಕಟ್ಟಿಸ್ಕೊಂಡು ಬರ್ಲಿಕತ್ತೀನಿ, ಮಿರ್ಚಿ ಭಜಿ ಅಲ್ಲೇ ತಗೋಳೋಣ.

ಕಪ್ಪುಬೆಕ್ಕು ಕಲಬುರಗಿ
24 ಮೇ, ಸಂಜೆ 6:35

ತಂಡದ ಪಟ್ಟಿ ಹೊರಗ ಬಂತು. ಗೋಲ್‌ಕೀಪರ್ ಪ್ಯಾಟರ್ಸನ್, 2022ರ ಫೈನಲ್ಲಿನ್ಯಾಗೂ ಇದ್ದವ. ಲ್ಯೂಕ್ ಓನಿಯನ್ ಅದಾನ, 2018ರಾಗ ಮೂರನೇ ದರ್ಜೆಗೆ ಬಿದ್ದಾಗ ಬಂದು, 2019ರಾಗ ಸೋತು, 2022ರಾಗ ಗೆದ್ದು, ಇನ್ನೂ ಇಲ್ಲೇ ಇರೋವ. ನಾಯಕ ಡ್ಯಾನ್ ನೀಲ್. ವಾಟ್ಸನ್ ಬೆಂಚಿನ ಮ್ಯಾಲ ಅದಾನ, ತಂಗೀ, ನೀ ಹೇಳಿದ್ಹಂಗೇ.

ವಾಡಿ ಕಾಕಾ ಬಂದಾರ. ಹಳೇ ಪೇಪರಿನ ತುಂಡು ಪ್ಲಾಸ್ಟಿಕ್ ಹಾಳಿಯೊಳಗ ಇಟ್ಟು ತಂದಾರ, 1998ರದು. ಬೀದರ್ ತಮ್ಮ ಅದನ್ನ ಎರಡೂ ಕೈಯಾಗ ಹಿಡಿದು ಓದ್ಲಿಕತ್ತಾನ. ಆಳಂದ ಕಡಿ ಮೋಡ ಕರ್ರಗ ಕಟ್ಟ್ಯದ. ಗಾಳಿ ಇನ್ನೂ ಎದ್ದಿಲ್ಲ.

ಸೇಡಂ ರೋಡ್ ಚಾ
24 ಮೇ, ಸಂಜೆ 7:08

ಕರೆಂಟ್ ಹೋಯ್ತು. ಅಂಜಬ್ಯಾಡ್ರಿ, ಬ್ಯಾಟರಿ ಮ್ಯಾಲ ಹಾಕೀನಿ. ಗ್ವಾಡಿ ಮ್ಯಾಲ ಚಿತ್ರ ಮೊದಲಿಗಿಂತ ಛಲೋ ಕಾಣ್ಲಿಕತ್ತದ, ಓಣಿ ಪೂರಾ ಕತ್ತಲಿ ಅಲ್ಲೇನು.

ಭೀಮಾ ತೀರ
24 ಮೇ, ಸಂಜೆ 7:21

ಅಣ್ಣಾ ನಾವು ಓಣಿಯಾಗ ನಿಂತೀವಿ. ಹಸಿರು ಬಾಗಿಲು ಅಂದಿದ್ರಿ, ಕತ್ತಲಿಯೊಳಗ ಯಾವುದು ಹಸಿರು ಗೊತ್ತಾಗವಲ್ದು. ಅಪ್ಪ ಬ್ಯಾಟರಿ ಹಚ್ಚ್ಯಾರ.

ಕಪ್ಪುಬೆಕ್ಕು ಕಲಬುರಗಿ
24 ಮೇ, ಸಂಜೆ 7:22

ಬೆಳಕು ಮ್ಯಾಲ ಹಿಡೀಲಿಕ್ಕ ಹೇಳು. ಕೆಂಪು-ಬಿಳಿ ಬಟ್ಟಿ ಕಟ್ಟೇದ ನೋಡು, ಅದೇ ಮನಿ. ಮೆಟ್ಟಿಲ ಎಡಕ್ಕ ಅವ, ಅವ್ವ ಕೆಳಗ ಬರ್ಲಿಕತ್ತಾಳ. ಲಗೂನ ಬರ್ರಿ, ಆಟಗಾರರು ಸುರಂಗದಾಗ ನಿಂತಾರ.